ಅನ್ನದ ಅಳತೆ: ಬೆಳಗಾವಿ–ಖಾನಾಪುರ ಸೀಮೆಯ ಹಸಿವಿನ ಚರಿತ್ರೆ ಮತ್ತು ಧರ್ಮಸಭೆಯ ಹೊಣೆ

ಪ್ರಭು ಯೇಸು ತಮ್ಮ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ನಡುವೆ ಅಂದಂದಿನ ಆಹಾರಕ್ಕಾಗಿ ಒಂದು ಬೇಡಿಕೆಯಿದೆ. ಅದರ ಹಿಂದೆ ದೇವರ ನಾಮ, ರಾಜ್ಯ ಮತ್ತು ಚಿತ್ತದ ಮಾತುಗಳಿವೆ. ಅದರ ಮುಂದೆ ಪಾಪಕ್ಷಮೆ ಮತ್ತು ಶೋಧನೆಯ ಮಾತುಗಳಿವೆ. ಸಭಾಪಿತೃಗಳ ಕಾಲದಿಂದಲೂ ವ್ಯಾಖ್ಯಾನಕಾರರು ಈ ಆಹಾರವನ್ನು ಪರಮಪ್ರಸಾದವೆಂದೂ ದೇವರ ವಾಕ್ಯವೆಂದೂ ಅರ್ಥೈಸಿದ್ದಾರೆ. ಆ ಅರ್ಥಗಳು ಸಲ್ಲತಕ್ಕವೇ. ಆದರೆ ಅವು ರೊಟ್ಟಿಯ ನೇರ ಅರ್ಥವನ್ನು ಮರೆಸಬಾರದು. ಹೊಟ್ಟೆಗಿಲ್ಲದ ಜನರ ನಡುವೆ ನಿಂತು ಈ ಬೇಡಿಕೆಯನ್ನು ಉಚ್ಚರಿಸಿದ ಯಾಜಕರು ನಮ್ಮ ನಾಡಿನಲ್ಲಿಯೇ ಇದ್ದರು. ಸಭಾಚರಿತ್ರೆಯ ಪಾಠಗಳಲ್ಲಿ ನೈಸಿಯಾ, ಟ್ರೆಂಟ್‌ಗಳ ಮಹಾಸಭೆಗಳನ್ನು ನಾವು ವಿವರವಾಗಿ ಓದುತ್ತೇವೆ; ಧಾತು–ಈಶ್ವರ ಬರದ ಪ್ರಸ್ತಾಪ ಮಾತ್ರ ಅಪರೂಪ. ಈ ಲೇಖನವು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಪ್ರಯತ್ನ.

1996ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ರೋಮ್ ನಗರದಲ್ಲಿ ನಡೆಸಿದ ವಿಶ್ವ ಆಹಾರ ಶೃಂಗಸಭೆಯು ಆಹಾರ ಭದ್ರತೆಗೆ ಒಂದು ವಿಸ್ತಾರವಾದ ಅರ್ಥವನ್ನು ಕೊಟ್ಟಿತು. ಅದನ್ನು ನಮ್ಮ ಮಾತಿನಲ್ಲಿ ನಾಲ್ಕಾಗಿ ಬಿಡಿಸಬಹುದು: ಆಹಾರ ಇರಬೇಕು, ಅದು ದಕ್ಕಬೇಕು, ಮೈಗೂಡಬೇಕು, ನಾಳೆಯೂ ಸಿಗಬೇಕು. ಇವುಗಳಲ್ಲಿ ಮೊದಲನೆಯದನ್ನು ಬಹುಮಟ್ಟಿಗೆ ಮಳೆ ಮತ್ತು ಮಣ್ಣು ನಿರ್ಧರಿಸುತ್ತವೆ. ಉಳಿದ ಮೂರನ್ನು ನಿರ್ಧರಿಸುವವರು ಮನುಷ್ಯರು. ಬೆಳಗಾವಿ ಸೀಮೆಯ ಹಸಿವಿನ ಚರಿತ್ರೆಯನ್ನು ನೋಡಿದರೆ, ಯಾರಿಗೆ ಎಷ್ಟು ಎಂದು ಅಳೆಯುವ ಸೇರು ಯಾರ ಕೈಯಲ್ಲಿತ್ತು ಎಂಬುದು ಧಾನ್ಯದ ಇರವು ಇಲ್ಲವುಗಳಷ್ಟೇ ಮುಖ್ಯವಾಗಿತ್ತೆಂದು ಕಾಣುತ್ತದೆ. ಆದ್ದರಿಂದ ಈ ಚರಿತ್ರೆಯು ದೈವಶಾಸ್ತ್ರದ ವಿದ್ಯಾರ್ಥಿಗಳಿಗೂ ಸಂಬಂಧಿಸಿದ್ದು.

ಮಳೆಯ ಮಡಿಲು, ಬರದ ಬಯಲು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅದೇ ಘಟ್ಟದ ಮಡಿಲಲ್ಲಿ ಮಹದಾಯಿಯೂ ಹುಟ್ಟಿ ಪಡುವಣಕ್ಕೆ ಗೋವೆಯತ್ತ ಹರಿಯುತ್ತಾಳೆ. ಕಣಕುಂಬಿ, ಆಮಗಾಂವದ ಸುತ್ತ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ನೇರ ದೂರದಲ್ಲಿ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ರಾಮದುರ್ಗದ ಕಡೆ ಐನೂರರಿಂದ ಆರುನೂರು ಮಿಲಿಮೀಟರು ಬಿದ್ದರೆ ಒಳ್ಳೆಯ ವರ್ಷ. ಒಂದೇ ಜಿಲ್ಲೆಯ ಪಶ್ಚಿಮದಂಚು ಭತ್ತ, ರಾಗಿ, ಸಾವೆಗಳ ಮಲೆನಾಡು. ಪೂರ್ವದಂಚು ಜೋಳ, ಸಜ್ಜೆ, ಕಡಲೆಗಳ ಎರೆಭೂಮಿ. ನಡುವಿನ ಬೆಳಗಾವಿ ನಗರ ಎರಡೂ ಕಡೆಯ ಧಾನ್ಯ ಕೂಡುವ ಪೇಟೆ.

ಪೂರ್ವದ ಬಯಲು ಬರವನ್ನು ಅರಿಯದ ನಾಡಲ್ಲ. ಅಲ್ಲಿನ ಒಕ್ಕಲಿಗರು ನೆಲದಲ್ಲಿ ಹಗೇವು ತೋಡಿ ಜೋಳ ತುಂಬುತ್ತಿದ್ದರು. ಚೆನ್ನಾಗಿ ಮುಚ್ಚಿದ ಹಗೇವಿನ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಸುಗ್ಗಿಯ ಕಣದಲ್ಲಿ ರಾಶಿ ಅಳೆಯುವಾಗ ಬಡಿಗ, ಕಮ್ಮಾರ, ಅಗಸ, ತಳವಾರರಿಗೆ ಆಯ ಸಲ್ಲುತ್ತಿತ್ತು. ಕೊಯ್ದ ಹೊಲದಲ್ಲಿ ಉಳಿದ ತೆನೆಯನ್ನು ಬಡವರು ಹಕ್ಕಲಾಯ್ದುಕೊಳ್ಳುತ್ತಿದ್ದರು. ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಬಣ್ಣಿಸಬೇಕಿಲ್ಲ. ಆಯದ ಅಳತೆಯಲ್ಲಿ ಜಾತಿಯ ಮೇಲುಕೀಳು ಇತ್ತು. ರಾಶಿಯಲ್ಲಿ ಕೊನೆಯ ಪಾಲು ಪಡೆದವನೇ ಬರದಲ್ಲಿ ಮೊದಲು ಸಾಯುತ್ತಿದ್ದ. ಆದರೂ ಹಗೇವು, ಆಯ, ಹಕ್ಕಲು ಎಂಬ ಮೂರೂ ಒಂದು ತಿಳಿವಳಿಕೆಯನ್ನು ಹೇಳುತ್ತಿದ್ದವು: ಬೆಳೆ ಬೆಳೆದವನೊಬ್ಬನದೇ ಅಲ್ಲ, ಈ ವರ್ಷದ್ದಷ್ಟೇ ಅಲ್ಲ.

1791–92ರ ಭೀಕರ ಕ್ಷಾಮವನ್ನು ಉತ್ತರ ಕರ್ನಾಟಕದ ಜನ ಡೋಗಿ ಬರವೆಂದು, ತಲೆಬುರುಡೆಗಳ ಬರವೆಂದು ನೆನಪಿಟ್ಟುಕೊಂಡರು. ಆಗ ಮಳೆ ಕೈಕೊಟ್ಟಿತ್ತು ನಿಜ. ಜೊತೆಗೆ ಟಿಪ್ಪುವಿನ ವಿರುದ್ಧದ ಯುದ್ಧ ನಡೆದಿತ್ತು. ಮರಾಠಾ ಮತ್ತು ಇಂಗ್ಲಿಷ್ ಪಡೆಗಳು ತಿಂಗಳುಗಟ್ಟಲೆ ಧಾರವಾಡಕ್ಕೆ ಮುತ್ತಿಗೆ ಹಾಕಿ ಸುತ್ತಲಿನ ಸೀಮೆಯನ್ನು ಬಳಲಿಸಿದ್ದವು. ಅಂದರೆ ಇಂಗ್ಲಿಷ್ ಆಳ್ವಿಕೆ ಇಲ್ಲಿ ನೆಲೆಯೂರುವ ಮೊದಲೂ ಹಸಿವು ಆಕಾಶದಿಂದಷ್ಟೇ ಇಳಿದು ಬಂದದ್ದಲ್ಲ.

ಒಂದು ಪೌಂಡಿನ ಬರ

1876ರ ಮುಂಗಾರು ದಖ್ಖನ್ನಿನಲ್ಲಿ ಸೋತಿತು. ಮುಂಬಯಿ ಪ್ರಾಂತ್ಯದ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳೂ ಮೈಸೂರು ಸಂಸ್ಥಾನವೂ ಮದರಾಸು ಪ್ರಾಂತ್ಯದ ಬಳ್ಳಾರಿಯೂ ಒಟ್ಟಿಗೇ ಬರಕ್ಕೆ ಸಿಕ್ಕವು. ಆ ಎರಡು ಸಂವತ್ಸರಗಳ ಹೆಸರಿನಿಂದ ಕನ್ನಡಿಗರು ಅದನ್ನು ಧಾತು–ಈಶ್ವರ ಬರ ಎಂದರು. ಬೆಳಗಾವಿಗೆ ಆಗ ರೈಲು ಬಂದಿರಲಿಲ್ಲ. ಕರಾವಳಿಯ ಬಂದರಿಗೆ ಬಂದ ಧಾನ್ಯ ಎತ್ತಿನ ಗಾಡಿಗಳಲ್ಲಿ ಘಟ್ಟ ಹತ್ತಬೇಕಿತ್ತು. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದ ಕಾಲವದು.

ಆದರೂ ಧಾನ್ಯ ಎಲ್ಲಿಯೂ ಇರಲಿಲ್ಲವೆಂದಲ್ಲ. ಬರದ ನಂತರ ರಿಚರ್ಡ್ ಸ್ಟ್ರಾಚಿಯವರ ಅಧ್ಯಕ್ಷತೆಯಲ್ಲಿ ಕುಳಿತ ಕ್ಷಾಮ ಆಯೋಗವು 1880ರ ವರದಿಯಲ್ಲಿ ಒಂದು ಮುಖ್ಯ ಸಂಗತಿಯನ್ನು ಗುರುತಿಸಿತು. ಮಳೆ ಹೋದಾಗ ಮೊದಲು ನಿಲ್ಲುವುದು ಹೊಲದ ಕೆಲಸ. ಕೆಲಸ ನಿಂತರೆ ಕೂಲಿ ನಿಲ್ಲುತ್ತದೆ. ಕೂಲಿ ಇಲ್ಲದವನಿಗೆ ಪೇಟೆಯಲ್ಲಿ ಕಾಳಿದ್ದೂ ಇಲ್ಲದಂತೆಯೇ. ನೂರು ವರ್ಷದ ತರುವಾಯ, 1981ರಲ್ಲಿ, ಅಮರ್ತ್ಯ ಸೇನ್ ಅವರು ಕ್ಷಾಮಗಳ ಅಧ್ಯಯನದಲ್ಲಿ ಶಾಸ್ತ್ರೀಯವಾಗಿ ಬೆಳೆಸಿದ ವಿಚಾರದ ಬೀಜ ಇಲ್ಲಿಯೇ ಇದೆ: ಆಹಾರ ಇಲ್ಲದಿರುವುದು ಒಂದು ಸಂಗತಿ, ಆಹಾರದ ಮೇಲೆ ಅಧಿಕಾರ ಇಲ್ಲದಿರುವುದು ಮತ್ತೊಂದು.

ಸರ್ಕಾರದ ಪರಿಹಾರ ಬಂದದ್ದು ಕಾಮಗಾರಿಯ ರೂಪದಲ್ಲಿ. ಕಲ್ಲು ಒಡೆಯುವುದು, ರಸ್ತೆ ಹಾಕುವುದು, ಕೆರೆ ತೋಡುವುದು. 1877ರ ಜನವರಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ಅವರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಖರ್ಚು ಬಿಗಿಹಿಡಿಯುವ ಆಜ್ಞೆ ಹೊತ್ತು ತಂದಿದ್ದರು. ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಅಲ್ಪ ಚಿಲ್ಲರೆ: ಇದು ಅವರು ಸಾಕೆಂದು ಕಂಡ ಕೂಲಿ. ಒಂದು ಪೌಂಡ್ ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 450 ಗ್ರಾಮು. ನಿಜಕ್ಕೂ ನಿರ್ಗತಿಕರಾದವರಷ್ಟೇ ಬರಲೆಂದು ಕಾಮಗಾರಿಯನ್ನು ಮನೆಯಿಂದ ದೂರವಿಡುವ ಪರೀಕ್ಷೆಯೂ ಇತ್ತು. ಮುಂಬಯಿ ಪ್ರಾಂತ್ಯದಲ್ಲಿ ಜನ ಇದನ್ನು ತೆಪ್ಪಗೆ ಒಪ್ಪಿಕೊಳ್ಳಲಿಲ್ಲ. ಲಕ್ಷದಷ್ಟು ಜನ ಕಾಮಗಾರಿ ಬಿಟ್ಟು ಹೊರನಡೆದರು; ಪುಣೆಯ ಸಾರ್ವಜನಿಕ ಸಭೆ ಅವರ ಅಹವಾಲನ್ನು ಸರ್ಕಾರದ ಮುಂದಿಟ್ಟಿತು. ಹಸಿದವರೂ ಅಳತೆಯನ್ನು ಪ್ರಶ್ನಿಸಬಲ್ಲರು ಎಂಬುದಕ್ಕೆ ಇದು ನಮ್ಮ ಆಧುನಿಕ ಚರಿತ್ರೆಯ ದೊಡ್ಡ ಸಾಕ್ಷ್ಯಗಳಲ್ಲೊಂದು.

ಪೌಂಡಿನ ಲೆಕ್ಕವನ್ನು ಆಡಳಿತದ ಒಳಗಿನಿಂದಲೇ ವಿರೋಧಿಸಿದವರು ಮದರಾಸಿನ ನೈರ್ಮಲ್ಯ ಆಯುಕ್ತ ಡಾ. ಡಬ್ಲ್ಯೂ. ಆರ್. ಕಾರ್ನಿಷ್. ದುಡಿಯುವ ದೇಹಕ್ಕೆ ಈ ಅಳತೆ ಸಾಲದು. ಧಾನ್ಯದ ಜೊತೆ ಬೇಳೆ ಮತ್ತು ತರಕಾರಿಯೂ ಬೇಕು ಎಂಬುದು ಅವರ ವಾದ. ಕೈದಿಗೆ ಸೆರೆಮನೆಯಲ್ಲಿ ಸಿಗುವುದು ಕೂಡ ಇದಕ್ಕಿಂತ ಹೆಚ್ಚೆಂದು ಅಂದಿನ ಟೀಕಾಕಾರರು ತೋರಿಸಿಕೊಟ್ಟರು. ಕೆಲವು ತಿಂಗಳ ನಂತರ ಮದರಾಸಿನಲ್ಲಿ ಅಳತೆ ಏರಿತು. ಅಷ್ಟರಲ್ಲಿ ಎಷ್ಟೋ ಜನರ ಪಾಲಿಗೆ ಕಾಲ ಮಿಂಚಿತ್ತು. ಆ ಬರದಲ್ಲಿ ಬ್ರಿಟಿಷ್ ಆಳ್ವಿಕೆಯ ಭಾಗಗಳಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಮಿಕ್ಕಿ ಎಂಬುದು ಅಂದಾಜು. ಬೆಳಗಾವಿ ಜಿಲ್ಲೆಯ ಜನಸಂಖ್ಯೆ 1872ರ ಗಣತಿಯಲ್ಲಿ ಸುಮಾರು 9 ಲಕ್ಷ 39 ಸಾವಿರ ಇದ್ದುದು 1881ರಲ್ಲಿ ಸುಮಾರು 8 ಲಕ್ಷ 65 ಸಾವಿರಕ್ಕೆ ಇಳಿಯಿತು. ಒಂದು ತಲೆಮಾರು ಬೆಳೆಯಬೇಕಿದ್ದ ಒಂಬತ್ತು ವರ್ಷಗಳಲ್ಲಿ ಮುಕ್ಕಾಲು ಲಕ್ಷದಷ್ಟು ಜನ ಕಡಿಮೆಯಾದರು.

ಆಯೋಗದ ವರದಿಯ ಫಲವಾಗಿ 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಬಂತು. ಬರ ಬಂದಾಗ ಸರ್ಕಾರ ಏನು ಮಾಡಬೇಕೆಂಬುದು ಮೊದಲ ಬಾರಿಗೆ ನಿಯಮವಾಗಿ ಬರೆಯಲ್ಪಟ್ಟಿತು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲುಮಾರ್ಗವು ಬೆಳಗಾವಿಯನ್ನು ಖಾನಾಪುರ ತಾಲ್ಲೂಕಿನ ಲೋಂಡಾದ ಮೂಲಕ ಕರಾವಳಿಗೆ ಜೋಡಿಸಿತು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಗೋಕಾಕ ಕಾಲುವೆ ತೆಗೆದರು. ಇವೆಲ್ಲ ನಿಜವಾದ ಪ್ರಗತಿಯೇ. ಆದರೂ 1896–97 ಮತ್ತು 1899–1900ರ ಬರಗಳು, ಅವುಗಳ ನಡುವೆ ಎರಗಿದ ಪ್ಲೇಗು, ಜಿಲ್ಲೆಯ ಜನಸಂಖ್ಯೆಯನ್ನು 1891 ಮತ್ತು 1901ರ ಗಣತಿಗಳ ನಡುವೆ ಮತ್ತೊಮ್ಮೆ ಇಳಿಸಿದವು. ರೈಲು ಧಾನ್ಯವನ್ನು ತರಬಲ್ಲದು. ಬೆಲೆ ಹೆಚ್ಚಿರುವ ಕಡೆಗೆ ಒಯ್ಯಲೂ ಬಲ್ಲದು.

ಕಾಡಿನ ಅನ್ನ, ಕಾನೂನಿನ ಗೆರೆ

ಬಯಲಿನ ಬರದ ಕಥೆಯೇ ಜಿಲ್ಲೆಯ ಪೂರ್ತಿ ಕಥೆಯಲ್ಲ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆ ನಮ್ಮಲ್ಲಿದೆ. ಖಾನಾಪುರದ ಕಾಡಂಚಿನಲ್ಲಿ ಮಳೆ ತಪ್ಪದೆ ಬಂದರೂ ಮಗ ಉಣ್ಣುವುದು ಖಚಿತವಾಗಿರಲಿಲ್ಲ.

ಘಟ್ಟದ ಇಳಿಜಾರುಗಳಲ್ಲಿ ಕುಮರಿ ಬೇಸಾಯ ಬಹುಕಾಲದಿಂದ ನಡೆದಿತ್ತು. ಸಣ್ಣ ತುಂಡು ಕಾಡನ್ನು ಕಡಿದು ಸುಟ್ಟು, ಬೂದಿ ಬಿದ್ದ ನೆಲದಲ್ಲಿ ಒಂದೆರಡು ವರ್ಷ ರಾಗಿ, ಸಾವೆ ಬೆಳೆದು, ಮತ್ತೆ ಕಾಡಿಗೆ ಬಿಟ್ಟು ಮುಂದೆ ಹೋಗುವ ಪದ್ಧತಿ ಅದು. ಸುಗ್ಗಿ ಕೈಕೊಟ್ಟರೆ ಕಾಡುಗೆಣಸು, ಬಿದಿರಕ್ಕಿ, ಜೇನು, ಹಣ್ಣುಹಂಪಲು ಇದ್ದವು. ಹತ್ತೊಂಬತ್ತನೆಯ ಶತಮಾನದ ಸರ್ಕಾರಕ್ಕೆ ಈ ಇಳಿಜಾರುಗಳಲ್ಲಿ ಕಂಡದ್ದು ಹಡಗಿಗೂ ರೈಲುಹಳಿಯ ಅಡಿಮರಕ್ಕೂ ಬೇಕಾದ ಮರ. ಕುಮರಿಯನ್ನು ಹಂತಹಂತವಾಗಿ ಅಡಗಿಸಲಾಯಿತು. 1878ರ ಅರಣ್ಯ ಕಾಯ್ದೆ ಮೀಸಲು ಕಾಡಿನ ಗೆರೆ ಎಳೆಯಿತು. ಆ ವರ್ಷವನ್ನು ಗಮನಿಸಬೇಕು. ಬಯಲಿನ ಜನ ಬರದಿಂದ ಇನ್ನೂ ಚೇತರಿಸಿಕೊಳ್ಳದ ಹೊತ್ತಿಗೆ, ಬರಗಾಲದ ಕೊನೆಯ ಆಸರೆಯಾದ ಕಾಡು ಕಾನೂನಿನ ಬೇಲಿಯೊಳಗೆ ಸೇರಿತು.

ಆ ಗೆರೆ ಇಂದಿಗೂ ಜೀವಂತ. 2011ರಲ್ಲಿ ಭೀಮಗಡ ವನ್ಯಜೀವಿಧಾಮ ಘೋಷಣೆಯಾಯಿತು. ಹುಲಿ ಮತ್ತು ಅಪರೂಪದ ಬಾವಲಿಗಳ ನೆಲೆ ಉಳಿಯಬೇಕೆಂಬುದರಲ್ಲಿ ವಿವಾದವಿಲ್ಲ. ಸೃಷ್ಟಿಯ ಪಾಲನೆ ನಮ್ಮ ವಿಶ್ವಾಸದ ಭಾಗವೇ. ಆದರೆ ಅದರೊಳಗಿನ ಗವಾಳಿ, ಆಮಗಾಂವ, ತಳೇವಾಡಿಯಂಥ ಊರುಗಳಿಗೆ ಮಳೆಗಾಲದಲ್ಲಿ ಹಳ್ಳ ದಾಟುವ ದಾರಿ ಇಲ್ಲದಾಗುತ್ತದೆ. ಆಗ ಪಡಿತರವೂ ಬಸುರಿಯ ಪೌಷ್ಟಿಕ ಆಹಾರವೂ ತಲೆಹೊರೆಯಲ್ಲಿ ಸಾಗಬೇಕು. 2006ರ ಅರಣ್ಯ ಹಕ್ಕುಗಳ ಕಾಯ್ದೆ ಈ ಜನರ ಉಳುಮೆಯ ನೆಲಕ್ಕೂ ಕಿರು ಅರಣ್ಯ ಉತ್ಪನ್ನಕ್ಕೂ ಹಕ್ಕು ಕೊಡುತ್ತದೆ. ಆದರೆ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸಕ್ಕೆ ಪುರಾವೆ ತರಬೇಕು.

ಇಲ್ಲಿ ನಮ್ಮವರದೇ ಒಂದು ಉದಾಹರಣೆಯಿದೆ. ಆಫ್ರಿಕಾ ಮೂಲದ ಸಿದ್ದಿ ಜನರು ಹಳಿಯಾಳ, ಯಲ್ಲಾಪುರಗಳಲ್ಲಿಯೂ ಅದಕ್ಕೆ ಹೊಂದಿಕೊಂಡ ಖಾನಾಪುರದ ಕಾಡಿನಲ್ಲಿಯೂ ನೆಲೆಸಿದ್ದಾರೆ. ಅವರಲ್ಲಿ ಅನೇಕರು ಕಥೋಲಿಕರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಅದು ದೊರೆತದ್ದು 2020ರಲ್ಲಿ. ಒಂದೇ ಕಾಡು, ಒಂದೇ ಬಳಗ. ಜಿಲ್ಲೆಯ ಗಡಿಯ ಈಚೆಗಿದ್ದ ಕಾರಣಕ್ಕೆ ಹದಿನೇಳು ವರ್ಷ ಬೇರೆ ಅಳತೆ.

ಗಂಜಿ ಮತ್ತು ಜ್ಞಾನಸ್ನಾನ

ಈ ಚರಿತ್ರೆಯಲ್ಲಿ ಕ್ರೈಸ್ತರು ಎಲ್ಲಿದ್ದರು? ಲಂಡನ್ ಮಿಷನ್ 1820ರಲ್ಲಿಯೇ ಬೆಳಗಾವಿಯಲ್ಲಿ ನೆಲೆಯೂರಿತ್ತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದಿತ್ತು. ಕಥೋಲಿಕರು ಗೋವೆಯ ಪದ್ರುವಾದೊ ಮತ್ತು ಪ್ರೊಪಗಾಂಡ ಎಂಬ ಎರಡು ಅಧಿಕಾರಗಳ ನಡುವೆ ಹಂಚಿಹೋಗಿದ್ದರು. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಬರದ ಅನಾಥ ಮಕ್ಕಳನ್ನು ಎತ್ತಿಕೊಂಡು ಸಾಕಿದ ಮಿಷನ್‌ಗಳ ಸೇವೆ ದೊಡ್ಡದು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬರಗಾಲದ ಅಲೆದಾಟದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಪಂಡಿತಾ ರಮಾಬಾಯಿಯವರು ಪುಣೆಯ ಬಳಿಯ ಕೇಡಗಾಂವದಲ್ಲಿ ಶತಮಾನದ ಕೊನೆಯ ಎರಡು ಬರಗಳ ಸಾವಿರಕ್ಕೂ ಮಿಕ್ಕ ಹೆಣ್ಣುಮಕ್ಕಳಿಗೆ ಆಶ್ರಯ ಕೊಟ್ಟರು. ಅವರಿಗೆ ಊಟದೊಂದಿಗೆ ಕೃಷಿ, ನೇಯ್ಗೆ, ಮುದ್ರಣಗಳ ಕಸುಬನ್ನೂ ಕಲಿಸಿದರು.

ಆದರೆ ಹಸಿದವನಿಗೆ ಅನ್ನ ಕೊಟ್ಟವನ ಕೈಯಲ್ಲೇ ಜ್ಞಾನಸ್ನಾನದ ನೀರೂ ಇದ್ದಾಗ ಏಳುವ ಪ್ರಶ್ನೆಯನ್ನು ಪ್ರಾಮಾಣಿಕ ಮಿಷನರಿಗಳು ಆಗಲೇ ಎದುರಿಸಿದ್ದರು. ತೆಲುಗು ಸೀಮೆಯ ಒಂಗೋಲಿನಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಅವರು ಇದೇ ಬರದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೆಲಸ ಕೊಟ್ಟರು. ಪರಿಹಾರ ನಡೆಯುವಷ್ಟು ಕಾಲವೂ ಅವರು ಜ್ಞಾನಸ್ನಾನ ಕೊಡಲಿಲ್ಲ. ಪರಿಹಾರ ಮುಗಿದ ಮೇಲೂ ಜನ ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಜನ ಜ್ಞಾನಸ್ನಾನ ಪಡೆದರು. ಅವರನ್ನು ಅಕ್ಕಿಗಾಗಿ ಬಂದವರೆಂದು ಸುಲಭವಾಗಿ ಹಳಿಯುವವರು, ಹಳ್ಳಿಯ ಅಳತೆಯಲ್ಲಿ ಸದಾ ಕೊನೆಗೆ ನಿಂತವರು ತಮ್ಮನ್ನು ಮನುಷ್ಯರೆಂದು ಎಣಿಸಿದವರ ಬಳಿ ಬಂದರೆಂಬುದನ್ನು ಮರೆಯುತ್ತಾರೆ. ಆದರೂ ಕ್ಲೌ ಅವರ ಸಂಯಮ ಅನಗತ್ಯವಾದದ್ದಲ್ಲ. ಗಂಜಿಗೂ ವಿಶ್ವಾಸಕ್ಕೂ ನಡುವೆ ಸ್ವಾತಂತ್ರ್ಯದ ಒಂದು ಅಂತರ ಬೇಕೆಂದು ಅವರು ಅರಿತಿದ್ದರು. ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತ 1965ರ ವ್ಯಾಟಿಕನ್ ಮಹಾಸಭೆಯ ಘೋಷಣೆ, ಬಡವರ ನಡುವೆ ವಿಶ್ವಾಸ ಸಾರುವಾಗ ಒತ್ತಾಯದ ಛಾಯೆಯೂ ಇರಬಾರದೆಂದು ಬೋಧಿಸುವುದು ಇದನ್ನೇ.

ಈ ಪ್ರಶ್ನೆ ನಮಗೆ ಹಳೆಯದಾಗಿಲ್ಲ. 2021ರ ಡಿಸೆಂಬರ್ 23ರಂದು ರಾಜ್ಯ ವಿಧಾನಸಭೆಯು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ ಮತಾಂತರ ತಡೆ ವಿಧೇಯಕವನ್ನು ಅಂಗೀಕರಿಸಿತು. 2022ರಲ್ಲಿ ಅದು ಕಾಯ್ದೆಯಾಯಿತು. ಆಮಿಷ ಎಂಬ ಪದಕ್ಕೆ ಅದು ಕೊಟ್ಟ ವ್ಯಾಪ್ತಿ ಎಷ್ಟು ವಿಶಾಲವೆಂದರೆ, ಸದುದ್ದೇಶದ ಸೇವೆಯನ್ನೂ ಸಂಶಯದಿಂದ ನೋಡಲು ಅವಕಾಶವಾಯಿತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂತೆಗೆದುಕೊಳ್ಳುವ ನಿರ್ಧಾರ ಮಾಡಿತು. ಕಾನೂನಿನ ಗತಿ ಏನೇ ಇರಲಿ, ಯಾಜಕನ ಮುಂದೆ ಎರಡು ಅಪಾಯಗಳಿವೆ. ಸಂಶಯಕ್ಕೆ ಹೆದರಿ ಹಸಿದವನಿಂದ ದೂರ ಸರಿಯುವುದು ಒಂದು. ಕೊಡುವವನೆಂಬ ಎತ್ತರದಲ್ಲಿಯೇ ನೆಮ್ಮದಿಯಾಗಿರುವುದು ಇನ್ನೊಂದು. ಇವೆರಡರಿಂದಲೂ ಪಾರಾಗುವ ದಾರಿಯನ್ನು ಇದೇ ಸೀಮೆಯ ಮುಂದಿನ ಚರಿತ್ರೆ ತೋರಿಸುತ್ತದೆ.

ದಯೆಯಿಂದ ಹಕ್ಕಿನ ಕಡೆಗೆ

ನೆರೆಯ ಮಹಾರಾಷ್ಟ್ರ 1972ರ ಭೀಕರ ಬರಗಾಲವನ್ನು ಎದುರಿಸಿದ್ದು ಹಳೆಯ ಸಂಹಿತೆಯ ಮಾದರಿಯ ಕಾಮಗಾರಿಗಳಿಂದಲೇ. ಆದರೆ ಅದು ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸ ಕೇಳುವುದನ್ನೇ 1977ರ ಉದ್ಯೋಗ ಖಾತರಿ ಕಾನೂನಿನಲ್ಲಿ ಹಕ್ಕಾಗಿ ಬರೆಯಿತು. ಆ ಅನುಭವದಿಂದ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಹುಟ್ಟಿತು. 2001ರಲ್ಲಿ ಸರ್ಕಾರಿ ಗೋದಾಮುಗಳು ತುಂಬಿ ತುಳುಕುತ್ತಿದ್ದಾಗಲೇ ಹಸಿವಿನ ಸಾವುಗಳ ಸುದ್ದಿ ಬಂದಾಗ, ಪಿಯುಸಿಎಲ್ ಸಂಘಟನೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಅದೇ ವರ್ಷದ ನವೆಂಬರ್ 28ರ ಮಧ್ಯಂತರ ಆದೇಶವು ಆಹಾರ ಯೋಜನೆಗಳನ್ನು ಫಲಾನುಭವಿಗಳ ಹಕ್ಕೆಂದು ಪರಿಗಣಿಸಿ, ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಲು ಹೇಳಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅರ್ಹ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ಎಂದಿತು. ಅದೇ ವರ್ಷ ಕರ್ನಾಟಕದ ಅನ್ನಭಾಗ್ಯ ಆರಂಭವಾಯಿತು.

ಕೂಲಿಗಾರನನ್ನು ಊರಿಂದ ದೂರ ನಡೆಸಿ ಪರೀಕ್ಷಿಸಿ ಒಂದು ಪೌಂಡು ಕೊಟ್ಟ ಸರ್ಕಾರಕ್ಕೂ ಕೊಡದಿದ್ದರೆ ನ್ಯಾಯಾಲಯದಲ್ಲಿ ಉತ್ತರಿಸಬೇಕಾದ ಸರ್ಕಾರಕ್ಕೂ ಇರುವ ಅಂತರ ಸಣ್ಣದಲ್ಲ. ಹಕ್ಕಾಗಿ ಬಂದ ಅನ್ನಕ್ಕೆ ಯಾರಿಗೂ ಕೃತಜ್ಞತೆಯ ಋಣವಿಲ್ಲ, ಯಾವ ಮತಕ್ಕೂ ಸೇರಬೇಕಿಲ್ಲ, ಯಾವ ಪಕ್ಷಕ್ಕೂ ಬಾಗಬೇಕಿಲ್ಲ. ಆದ್ದರಿಂದಲೇ ಅದು ಮನುಷ್ಯನ ಘನತೆಗೆ ಹೆಚ್ಚು ಒಪ್ಪುವಂಥದು. ಹಸಿದವನಿಗೆ ಅವನ ಹಕ್ಕಿನ ಅನ್ನ ದೊರಕಿಸಿಕೊಡುವ ಧರ್ಮಕೇಂದ್ರದ ಮೇಲೆ ಆಮಿಷದ ಆರೋಪ ನಿಲ್ಲುವುದೂ ಕಷ್ಟ.

ಹೊಟ್ಟೆ ತುಂಬಿದ ಮೇಲೂ ಉಳಿಯುವ ಹಸಿವು

ಆದರೂ ಡಾ. ಕಾರ್ನಿಷ್ ಎತ್ತಿದ ಪ್ರಶ್ನೆ ಮುಗಿದಿಲ್ಲ. ಧಾನ್ಯವಷ್ಟೇ ಆಹಾರವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಸುಮಾರು 33ರಷ್ಟು ಮಕ್ಕಳ ತೂಕ ಕಡಿಮೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆಯಿದೆ. ರಕ್ತಹೀನತೆಯ ಪ್ರಮಾಣ ಅದರ ಹಿಂದಿನ ಸಮೀಕ್ಷೆಗಿಂತ ಏರಿದೆ. ಹೊಟ್ಟೆ ತುಂಬಿಸುವ ಅಕ್ಕಿ ಸಿಕ್ಕಿತು. ಬೇಳೆ, ಸೊಪ್ಪು, ಹಾಲು, ಮೊಟ್ಟೆ ಬಡವರ ತಟ್ಟೆಗೆ ದೂರವೇ ಉಳಿದವು. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆ 2021ರಲ್ಲಿ ಆರಂಭವಾದಾಗ ಕೆಲವು ಧಾರ್ಮಿಕ ಮುಖಂಡರು ವಿರೋಧಿಸಿದರು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ದಾರಿ ಉಳಿಸಿ ಸರ್ಕಾರ ಮುಂದುವರಿದದ್ದು ಸರಿಯಾದ ಕ್ರಮ. ಮಗುವಿನ ತಟ್ಟೆಯ ಅಳತೆಯನ್ನು ಮೊದಲು ಕೇಳಬೇಕಾದದ್ದು ಮಗುವಿನ ದೇಹವನ್ನು.

ಬೆಳೆಯ ಕಡೆ ನೋಡಿದರೆ ಮತ್ತೊಂದು ವೈಪರೀತ್ಯ ಕಾಣುತ್ತದೆ. ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಬೆಳಗಾವಿ ಇಂದು ರಾಜ್ಯದ ಕಬ್ಬಿನ ಕಣಜ. ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ನೀರು ತಲುಪಿದ ಕಡೆ ರೈತ ಕಬ್ಬಿಗೆ ತಿರುಗಿದ್ದು ಸಹಜ. ಜೋಳಕ್ಕೆ ಆ ಬೆಲೆ ಇಲ್ಲ. ಅವನನ್ನು ದೂರುವುದು ನ್ಯಾಯವಲ್ಲ. ಆದರೆ ಒಂದೇ ಬೆಳೆ ನೀರನ್ನೂ ನೆಲವನ್ನೂ ಆವರಿಸಿದಾಗ, ರೊಟ್ಟಿ ಉಣ್ಣುತ್ತಿದ್ದ ಸೀಮೆ ತನ್ನ ಅನ್ನಕ್ಕಾಗಿ ದೂರದ ಗೋದಾಮಿನ ಕಡೆ ನೋಡಬೇಕಾಗುತ್ತದೆ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಕೊಳ್ಳಲು ಸಿಗದೆ ರಾಜ್ಯವು ತಲಾ 170 ರೂಪಾಯಿ ನಗದು ಕೊಡಬೇಕಾಗಿ ಬಂದದ್ದು ಈ ಅವಲಂಬನೆಯ ಒಂದು ಕುರುಹು. ನಗರದ ಅಂಚಿನಲ್ಲಿ ಯಳ್ಳೂರು, ವಡಗಾಂವ, ಶಹಾಪುರಗಳ ಗದ್ದೆಗಳು ಸುವಾಸನೆಯ ಬೆಳಗಾವಿ ಬಾಸುಮತಿಗೆ ಹೆಸರಾದವು. ಹಲಗಾ–ಮಚ್ಛೆ ಬೈಪಾಸ್ ರಸ್ತೆ ಆ ಫಲವತ್ತಾದ ನೆಲವನ್ನು ಸೀಳುವುದರ ವಿರುದ್ಧ ರೈತರು ವರ್ಷಗಟ್ಟಲೆ ಹೋರಾಡಿದರು. ನಾಳೆಯೂ ಸಿಗಬೇಕು ಎಂಬ ನಾಲ್ಕನೆಯ ಮಾತು ಇಂಥ ಗದ್ದೆಗಳ ಬದುವಿನ ಮೇಲೆ ನಿರ್ಧಾರವಾಗುತ್ತದೆ.

ಪವಿತ್ರಗ್ರಂಥದ ಅಳತೆಗಳು

ಪವಿತ್ರಗ್ರಂಥಕ್ಕೆ ಅಳತೆಯ ಮಾತು ಹೊಸದಲ್ಲ. ವಿಮೋಚನಾಕಾಂಡದ 16ನೆಯ ಅಧ್ಯಾಯದಲ್ಲಿ ಮನ್ನಾವನ್ನು ಓಮೆರಿನಿಂದ ಅಳೆದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮರುದಿನಕ್ಕೆ ಅಡಗಿಸಿಟ್ಟದ್ದು ಹುಳುತುಹೋಯಿತು. ಅಳತೆಯ ಮಾನ ಅವರವರ ಅಗತ್ಯ. ಆಮೋಸನ ಪ್ರವಾದನೆಯ 8ನೆಯ ಅಧ್ಯಾಯದಲ್ಲಿ ವರ್ತಕರು ಅಳತೆಯನ್ನು ಕುಗ್ಗಿಸಿ, ತೂಕದ ಕಲ್ಲನ್ನು ಹಿಗ್ಗಿಸಿ, ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಕೊಳ್ಳಲು ಕಾದಿದ್ದಾರೆ. ಪ್ರವಾದಿಗೆ ಅದು ವ್ಯಾಪಾರದ ಚಾತುರ್ಯವಲ್ಲ, ದೇವರು ಮರೆಯಲಾರದ ಪಾಪ. ಯಾಜಕಕಾಂಡ ಹೊಲದ ಅಂಚನ್ನೂ ಹಕ್ಕಲನ್ನೂ ಬಡವರಿಗೂ ಪರದೇಶಿಗೂ ಬಿಡಬೇಕೆಂದು ವಿಧಿಸುತ್ತದೆ. ರೂತಳು ಹಕ್ಕಲಾಯ್ದದ್ದು ಬೋವಜನ ಕನಿಕರದಿಂದ ಮಾತ್ರವಲ್ಲ, ಆ ಕಟ್ಟಳೆಯ ಬಲದಿಂದ. ನಮ್ಮ ಎರೆಹೊಲಗಳ ಹಕ್ಕಲೂ ಬೆತ್ಲೆಹೇಮಿನ ಹಕ್ಕಲೂ ಒಂದೇ ಸತ್ಯದ ಸಾಕ್ಷಿ.

ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಸಂತ ಪೌಲರು, ಒಬ್ಬ ಹಸಿದಿರುವಾಗ ಮತ್ತೊಬ್ಬ ಕುಡಿದು ಮತ್ತನಾಗುವ ಕೂಟವನ್ನು ಪ್ರಭುವಿನ ಭೋಜನವೆಂದು ಕರೆಯಲು ಒಪ್ಪುವುದಿಲ್ಲ. ಬಲಿಪೂಜೆಯ ಸಿಂಧುತ್ವವನ್ನು ನಾವು ದ್ರವ್ಯ ಮತ್ತು ವಾಕ್ಯಗಳ ನೆಲೆಯಲ್ಲಿ ಕಲಿಯುತ್ತೇವೆ. ಪೌಲರು ಅದರ ಸತ್ಯವನ್ನು ಪಕ್ಕದವನ ತಟ್ಟೆಯಲ್ಲಿಯೂ ಹುಡುಕುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು ಆಧುನಿಕ ಜಗತ್ತನ್ನು ಕುರಿತ ಸಂವಿಧಾನದ 69ನೆಯ ಪರಿಚ್ಛೇದದಲ್ಲಿ ಭೂಮಿಯ ಸಂಪತ್ತು ಎಲ್ಲರಿಗಾಗಿ ಇದೆ ಎಂದು ಬೋಧಿಸಿ, ಹಸಿವಿನಿಂದ ಸಾಯುವವನಿಗೆ ಉಣಿಸದವನು ಆ ಸಾವಿಗೆ ಹೊಣೆಯೆಂಬ ಸಭಾಪಿತೃಗಳ ಎಚ್ಚರಿಕೆಯನ್ನು ನೆನಪಿಸಿತು. ಕಡುಕಷ್ಟದಲ್ಲಿರುವವನಿಗೆ ಇತರರ ಸಂಪತ್ತಿನಿಂದ ತನಗೆ ಬೇಕಾದಷ್ಟನ್ನು ಪಡೆಯುವ ಹಕ್ಕಿದೆಯೆಂದೂ ಹೇಳಿತು. ವಿಶ್ವಗುರು ಇಪ್ಪತ್ತಮೂರನೆಯ ಜಾನ್ ಅವರು 1961ರ ‘ಮಾತೆರ್ ಎತ್ ಮಜಿಸ್ತ್ರಾ’ ಪರಿಪತ್ರದಲ್ಲಿ ಹಿಂದುಳಿದ ಕೃಷಿರಂಗದ ನ್ಯಾಯವನ್ನು ವಿಸ್ತಾರವಾಗಿ ಚರ್ಚಿಸಿದರು. ವಿಶ್ವಗುರು ಫ್ರಾನ್ಸಿಸ್ ಅವರ 2015ರ ‘ಲೌದಾತೊ ಸಿ’ ನೆಲದ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದಿತು. ಖಾನಾಪುರದಲ್ಲಿ ಈ ಎರಡನ್ನು ಬೇರ್ಪಡಿಸಿ ಕೇಳಲು ಸಾಧ್ಯವೇ ಇಲ್ಲ: ಕಾಡು ಉಳಿಯಬೇಕು, ಕಾಡಿನೊಳಗಿನ ಮಗುವೂ ಬೆಳೆಯಬೇಕು.

ಹೀಗಿರುವಾಗ ಯಾಜಕರಿಂದ ಏನನ್ನು ನಿರೀಕ್ಷಿಸಬಹುದು? ನಾವು ಕೃಷಿವಿಜ್ಞಾನಿಗಳಲ್ಲ, ಅಧಿಕಾರಿಗಳೂ ಅಲ್ಲ. ಆದರೆ ಅಳತೆ ಎಲ್ಲಿ ತಪ್ಪುತ್ತಿದೆಯೆಂದು ನೋಡುವ ಅವಕಾಶ ಧರ್ಮಕೇಂದ್ರದ ಗುರುವಿಗಿರುವಷ್ಟು ಕೆಲವರಿಗಷ್ಟೇ ಇದೆ. ಮನೆಗಳ ಭೇಟಿಯಲ್ಲಿ, ಮತಭೇದವಿಲ್ಲದೆ, ಯಾವ ಮನೆಗೆ ಪಡಿತರ ಚೀಟಿ ಇಲ್ಲ, ಯಾರ ಬೆರಳಚ್ಚು ಯಂತ್ರಕ್ಕೆ ತಿಳಿಯುವುದಿಲ್ಲ, ಯಾವ ಅಂಗನವಾಡಿಗೆ ಮಳೆಗಾಲದಲ್ಲಿ ಆಹಾರ ತಲುಪುವುದಿಲ್ಲ ಎಂದು ತಿಳಿದುಕೊಳ್ಳಬಹುದು. ಅರಣ್ಯ ಹಕ್ಕಿನ ಅರ್ಜಿಯನ್ನು ಗ್ರಾಮಸಭೆಯ ಮುಂದಿಡಲು ನೆರವಾಗಬಹುದು. ಧರ್ಮಕೇಂದ್ರದ ಸ್ವಂತ ಜಮೀನಿದ್ದರೆ ಅದರ ಒಂದು ಭಾಗದಲ್ಲಿ ಊರಿನ ಹಳೆಯ ಭತ್ತದ ತಳಿಗಳನ್ನೂ ರಾಗಿ ಸಾವೆಗಳನ್ನೂ ಬೆಳೆದು ಬೀಜ ಹಂಚಬಹುದು. ನಮ್ಮ ಕೊಂಕಣಿ ಕುಟುಂಬಗಳು ಮಾತೆ ಮರಿಯಮ್ಮನವರ ಜನ್ಮದಿನದಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೊಯ್ದು ಹಂಚಿಕೊಂಡು ಉಣ್ಣುವ ಸಂಪ್ರದಾಯವಿದೆ. ಆ ಹಬ್ಬದಂದು ತೆನೆ ಬೆಳೆದ ನೆಲ ಯಾರದು, ಬೆಳೆದವನ ಮಗು ಉಂಡಿತೇ ಎಂದು ಪ್ರಬೋಧನೆಯಲ್ಲಿ ಕೇಳಬಹುದು.

ಲೂಕನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಪ್ರಭು, ಜಡಿದು ಅಲ್ಲಾಡಿಸಿ ಹೊರಚೆಲ್ಲುವಂತೆ ತುಂಬಿದ ಸೇರನ್ನು ಕುರಿತು ಮಾತಾಡುತ್ತಾರೆ. ನಾವು ಅಳೆದ ಅಳತೆಯಿಂದಲೇ ನಮಗೂ ಅಳೆಯಲಾಗುವುದೆಂದು ಎಚ್ಚರಿಸುತ್ತಾರೆ. ಟೆಂಪಲ್ ಅವರ ಪೌಂಡು ಇಂದು ಚರಿತ್ರೆಯ ಪುಟಕ್ಕೆ ಸೇರಿದೆ. ಅದರ ಜಾಗದಲ್ಲಿ ಬಂದ ಹಕ್ಕಿನ ಕಿಲೋಗಳು ತಾವಾಗಿಯೇ ಯಾರ ಮನೆಗೂ ನಡೆದು ಹೋಗುವುದಿಲ್ಲ. ಜ್ಞಾನಸ್ನಾನದ ದಾಖಲೆ ಬರೆಯಲು ಕಲಿತ ಕೈಗೆ ಪಡಿತರ ಚೀಟಿಯ ಅರ್ಜಿ ಬರೆಯಲೂ ತಿಳಿದಿರಲಿ.